ಕಣ್ಣಳತೆಯಲ್ಲಿ ಇಂಜೆಕ್ಷನ್ ಕೊಡಬೇಡಿ

ಕಳೆದ ಚಳಿಗಾಲದಲ್ಲಿ ಬೈಲಹೊಂಗಲ ಹತ್ತಿರದ ನಮ್ಮ ಫಾರಂನಲ್ಲಿ ಒಂದು ಹಂದಿ ತಿನ್ನೋದು ಬಿಟ್ಟು, ನಾಯಿ ಕೂತ ಹಾಗೆ ಮುಂಗಾಲು ಊರಿ ಏದುಸಿರು ಬಿಡುತ್ತಿತ್ತು. ನ್ಯುಮೋನಿಯಾ ಅಂದರು ಡಾಕ್ಟರ್. ಆಕ್ಸಿಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಬರೆದರು, ಕಿಲೋಗೆ 20 ಮಿಲಿಗ್ರಾಂ. ನಮ್ಮ ಬಾಟಲಿಯ ಲೆಕ್ಕದಲ್ಲಿ 10 ಕಿಲೋಗೆ 1 ಎಂ.ಎಲ್.

ನಾನು ಸುಮ್ನೆ ನೋಡಿ 40 ಕಿಲೋ ಅಂದುಕೊಂಡು 4 ಎಂ.ಎಲ್. ಕೊಟ್ಟೆ. ಕೆಮ್ಮು ನಿಲ್ಲಲಿಲ್ಲ. ಆಮೇಲೆ ಟೇಪ್ ಹಿಡಿದೆ: ಎದೆ ಸುತ್ತಳತೆ 0.95 ಮೀಟರ್, ಕಿವಿಗಳ ನಡುವಿನಿಂದ ಬಾಲದ ಬುಡದವರೆಗೆ 1 ಮೀಟರ್. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, ಮತ್ತೆ 69.3ರಿಂದ ಗುಣಿಸಿದರೆ ಸುಮಾರು 62 ಕಿಲೋ! ಮೂರನೇ ಒಂದು ಭಾಗ ಔಷಧ ಕಡಿಮೆಯಾಗಿತ್ತು. ಕಡಿಮೆ ಡೋಸ್‌ನಲ್ಲಿ ಬಲವಿಲ್ಲದ ಬ್ಯಾಕ್ಟೀರಿಯಾ ಸಾಯುತ್ತವೆ, ಔಷಧ ತಡೆದುಕೊಳ್ಳುವವು ಉಳಿದು ಹೆಚ್ಚುತ್ತವೆ. ಅದು ನನ್ನ ಕೈಯಿಂದಲೇ ಆಯಿತಲ್ಲ ಅಂತ ತುಂಬಾ ಬೇಜಾರಾಯಿತು.

ನಮ್ಮ ಕಡೆ ಎಷ್ಟೋ ಜನ ಔಷಧವನ್ನು ಮೇವಿನಲ್ಲಿ ಕಲಸುತ್ತಾರೆ. ಆದರೆ ಜ್ವರ ಬಂದ ಹಂದಿ ತಿನ್ನೋದೇ ಇಲ್ಲ, ಅಲ್ವಾ? ಔಷಧ ಜಾಸ್ತಿ ಹೋಗೋದು ಗಟ್ಟಿಯಾಗಿರುವ ಹಂದಿಗೆ. ಇನ್ನೊಂದು, ಹಂದಿಗೆ ನ್ಯುಮೋನಿಯಾ ತರುವ ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾಗೆ ಕೋಶದ ಗೋಡೆಯೇ ಇಲ್ಲ, ಪೆನಿಸಿಲಿನ್ ತಡೆಯುವುದು ಆ ಗೋಡೆ ಕಟ್ಟುವುದನ್ನೇ. ಹಾಗಾಗಿ ಅಲ್ಲಿ ಪೆನಿಸಿಲಿನ್ ಎಷ್ಟು ಕೊಟ್ಟರೂ ದಂಡ. ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್ ಅಂತೂ ಕೇಳಲೇಬೇಡಿ, ಮಾಂಸದ ಪ್ರಾಣಿಗಳಿಗಾಗಿ ಅದನ್ನು ತಯಾರಿಸಿ ಮಾರುವುದನ್ನು ನಮ್ಮ ದೇಶದಲ್ಲಿ 2019ರಲ್ಲೇ ನಿಷೇಧಿಸಿದ್ದಾರೆ.

ಡಾಕ್ಟರನ್ನು ಮತ್ತೆ ಕರೆಸಿ, ನಡೆದದ್ದನ್ನೆಲ್ಲ ಹೇಳಿ, ಸರಿಯಾದ ತೂಕಕ್ಕೆ ಹೊಸದಾಗಿ ಬರೆಸಿಕೊಂಡೆ. ಹಂದಿ ಉಳಿಯಿತು. ಮಾಂಸದಲ್ಲಿ ಔಷಧ ಉಳಿಯಬಾರದು ಅಂತ, ಲೇಬಲ್‌ನಲ್ಲಿ ಹೇಳಿದಷ್ಟು ದಿನ ಕಳೆಯುವ ತನಕ ಅದನ್ನು ಮಾರಲಿಲ್ಲ.