ಮಂಗನ ಕಾಯಿಲೆ: ಹೊಸ ಲಸಿಕೆ ಕೈಗೆ ಸಿಗುವ ತನಕ

ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರುವ ವೈರಸ್ ಜ್ವರವಾದ ಮಂಗನ ಕಾಯಿಲೆಗೆ ಹೊಸ ಲಸಿಕೆ ಬರುತ್ತದಂತೆ ಎಂಬ ಮಾತು ಮಲೆನಾಡಿನಲ್ಲಿ ಆಗಾಗ ಕೇಳಿಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಅದರ ಕೆಲಸದಲ್ಲಿ ತೊಡಗಿರುವುದು ನಿಜ. ಆದರೆ ಪ್ರಾಣಿಗಳ ಮೇಲೆ, ಆಮೇಲೆ ಮನುಷ್ಯರ ಮೇಲೆ ಹಂತಹಂತವಾಗಿ ಪರೀಕ್ಷೆ ಮುಗಿಸಿ ಊರಿನ ಆರೋಗ್ಯ ಕೇಂದ್ರದ ಫ್ರಿಜ್ಜಿಗೆ ಬರಲು ಲಸಿಕೆಗೆ ವರ್ಷಗಳೇ ಬೇಕು. ಹಳೆಯದನ್ನು 2022ರಲ್ಲೇ ನಿಲ್ಲಿಸಲಾಗಿದೆ. ಹೊಸದು ಬರುವ ತನಕ ಕಾಡಿಗೆ ಹೋಗುವವರನ್ನು ಕಾಯುವುದು ಎಣ್ಣೆ, ಬಟ್ಟೆ, ಬಿಸಿನೀರು.

ಹಳೆಯ ಲಸಿಕೆಯ ಕಥೆ ತಿಳಿದಿರಬೇಕು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷವರ್ಷವೂ ಮತ್ತೆ. 2005ರಿಂದ 2010ರವರೆಗಿನ ಲೆಕ್ಕ ನೋಡಿದ ಅಧ್ಯಯನದಲ್ಲಿ ಒಂದೇ ಡೋಸಿನಿಂದ ಪ್ರಯೋಜನ ಕಾಣಲಿಲ್ಲ. ಎರಡು ಡೋಸಿಗೆ ಸುಮಾರು 62%, ಬೂಸ್ಟರ್ ಸೇರಿದರೆ ಸುಮಾರು 83% ರಕ್ಷಣೆ. ಚುಚ್ಚಿದ ಜಾಗ ನೋಯುತ್ತಿತ್ತು, ಕೂಲಿಯೂ ತಪ್ಪುತ್ತಿತ್ತು. ಜನ ಎರಡನೆಯ ಡೋಸಿಗೇ ಬರುವುದು ಬಿಟ್ಟರು. ಕೊನೆಕೊನೆಗೆ ಲಸಿಕೆಯ ಶಕ್ತಿಯೂ ಕುಂದಿತು. ಜನರ ಉದಾಸೀನ ಎಂದು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇ ಎಂಬ ಆತಂಕವಿತ್ತು. ಸಿಕ್ಕಿದ್ದು ಉಣುಗಿನಿಂದ ಹರಡುವ ಬೇರೆಯೇ ವೈರಸ್. 2012ರ ನಂತರ ಅದು ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲೂ ಕಾಣಿಸಿಕೊಂಡಿತು. ಸಾಗರ ತಾಲೂಕಿನ ಅರಳಗೋಡು 2019ರಲ್ಲಿ ಈ ಕಾಯಿಲೆಯಿಂದ ಪಟ್ಟ ಪಾಡು ಇನ್ನೂ ಹಸಿಯಾಗಿದೆ.

ಮಳೆಗಾಲ ಕಳೆದ ಮೇಲೆ ಉಣುಗಿನ ಆರು ಕಾಲಿನ ಮರಿಗಳು ಹೊರಬರುತ್ತವೆ. ಅವು ರಕ್ತ ಕುಡಿದು, ಪೊರೆ ಕಳಚಿ ಎಂಟು ಕಾಲಿನ ಎಳೆಯ ಉಣುಗಾಗುವುದು ಡಿಸೆಂಬರ್ ಹೊತ್ತಿಗೆ. ಮೇ ತಿಂಗಳ ತನಕ ಮನುಷ್ಯರಿಗೆ ಕಾಯಿಲೆ ದಾಟಿಸುವುದು ಹೆಚ್ಚಾಗಿ ಇದೇ. ಎಳ್ಳಿಗಿಂತ ಸಣ್ಣದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅಡಿಕೆ ತೋಟಕ್ಕೆ, ಕೊಟ್ಟಿಗೆಗೆ ಸೊಪ್ಪಿನ ಬೆಟ್ಟದಿಂದ ದರಕು (ಒಣ ಎಲೆ) ಗುಡಿಸಿ ತರುವುದೂ ಇದೇ ತಿಂಗಳುಗಳಲ್ಲಿ. ಮಂಗ ಸತ್ತರೆ ತಣ್ಣಗಾದ ಮೈಯಿಂದ ಉಣುಗುಗಳೆಲ್ಲ ಇಳಿದು ಅಲ್ಲೇ ನೆಲದ ಎಲೆಗಳಲ್ಲಿ ಮುಂದಿನ ಮೈಗಾಗಿ ಕಾಯುತ್ತವೆ. ಹಾಗಾಗಿ ಸತ್ತ ಮುಸ್ಯವನ್ನೋ (ಕಪ್ಪು ಮುಖದ ಕೋತಿ) ಮಂಗವನ್ನೋ ಕಂಡರೆ ಹತ್ತಿರ ಹೋಗಬೇಡಿ, ಹೂಳಲೂ ಮುಂದಾಗಬೇಡಿ. ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಸುತ್ತ 50 ಮೀಟರ್ ಔಷಧಿ ಸಿಂಪಡಿಸುವ ಕ್ರಮವಿದೆ.

ಕಾಡಿಗೆ ಹೊರಡುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈ, ಕಾಲು, ಕುತ್ತಿಗೆಗೆ ಸವರಿ. ಕಣ್ಣು, ಬಾಯಿಗೆ ತಾಗಬಾರದು. ಬೆವರಿದರೆ, ತೊಳೆದರೆ ಮತ್ತೆ ಹಚ್ಚಬೇಕು. ಪಾದಕ್ಕೆ ಮಾತ್ರ ಹಚ್ಚಿ ಮೊಣಕಾಲಿನ ಹಿಂಭಾಗ ಬಿಡುವುದು ಸಾಮಾನ್ಯ ತಪ್ಪು. ಸೀರೆ, ಲುಂಗಿಗಳಲ್ಲಿ ಕಾಲು ತೆರೆದೇ ಇರುತ್ತದೆ. ತಿಳಿಬಣ್ಣದ ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ ಗಂಬೂಟು ಹಾಕಿದರೆ ಹತ್ತುವ ಉಣುಗು ಕಣ್ಣಿಗೂ ಬೀಳುತ್ತದೆ. ಮನೆಗೆ ಬಂದೊಡನೆ ಬಟ್ಟೆಯನ್ನು ಹೊರಗೇ ಕಳಚಿ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೀಯಿರಿ. ಕಂಕುಳು, ಕಿವಿಯ ಹಿಂದೆ, ಸೊಂಟ, ತೊಡೆಸಂದು, ಕೂದಲಂಚುಗಳನ್ನು ಇನ್ನೊಬ್ಬರಿಂದ ನೋಡಿಸಿಕೊಳ್ಳಿ.

ಉಣುಗು ಕಚ್ಚಿಕೊಂಡಿದ್ದರೆ ತುದಿ ಚೂಪಾದ ಚಿಮಟದಿಂದ ಚರ್ಮಕ್ಕೆ ಅಂಟಿದಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಬೀಡಿಯ ಬೆಂಕಿ ಬೇಡ: ಕೆಣಕಿದ ಉಣುಗು ಜೊಲ್ಲನ್ನು ಗಾಯದೊಳಕ್ಕೇ ಬಿಡಬಹುದು. ಉಗುರಿನಿಂದ ಹಿಸುಕಲೂಬಾರದು. ತೆಗೆದ ಮೇಲೆ ಸೋಪಿನಿಂದ ತೊಳೆದು, ಕಚ್ಚಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.

ದನಗಳು ಈ ವೈರಸ್ಸನ್ನು ಹರಡುವುದಿಲ್ಲ, ಆದರೆ ದೊಡ್ಡ ಉಣುಗುಗಳಿಗೆ ಊಟ ಅವುಗಳ ಮೈಯಲ್ಲೇ. ಪಶುವೈದ್ಯರನ್ನು ಕೇಳಿ ಬೆನ್ನಿನುದ್ದಕ್ಕೆ ಸುರಿಯುವ ಔಷಧಿ ಹಾಕಿಸಿ.

ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಚಳಿ, ಜ್ವರ, ಹಣೆಯ ನೋವು, ವಿಪರೀತ ಮೈಕೈ ನೋವು, ಕಣ್ಣು ಕೆಂಪು. ಕೆಲವರಿಗೆ ವಾಂತಿ, ಭೇದಿ, ಮೂಗು ಅಥವಾ ವಸಡಿನಿಂದ ರಕ್ತ. ಮೈಕೈ ನೋವಿಗೆಂದು ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ತರಬೇಡಿ. ಈ ಜ್ವರದಲ್ಲಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣಗಳು) ಇಳಿದಿರುವಾಗ ಅವು ರಕ್ತಸ್ರಾವ ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ಸಾಕು, ಅದೂ ವೈದ್ಯರು ಹೇಳಿದಷ್ಟೇ. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ನೀರಿನಂಶ, ರಕ್ತದೊತ್ತಡ, ರಕ್ತಸ್ರಾವ ನೋಡಿಕೊಳ್ಳುವುದೇ ಚಿಕಿತ್ಸೆ. ಮೊದಲ ದಿನಗಳಲ್ಲಿ ರೋಗವನ್ನು ಖಚಿತಪಡಿಸುವುದು ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ; ತಡವಾದರೆ ರಕ್ತದಲ್ಲಿ ವೈರಸ್ ಸಿಗದೆ, ದೇಹ ತಯಾರಿಸಿದ ಪ್ರತಿಕಾಯವನ್ನು ನೋಡುವ ಐಜಿಎಂ ಪರೀಕ್ಷೆಯನ್ನು ನೆಚ್ಚಬೇಕಾಗುತ್ತದೆ. ವೈದ್ಯರಿಗೆ ‘ಜ್ವರ’ ಎಂದಷ್ಟೇ ಹೇಳಬೇಡಿ. ಯಾವ ಕಾಡಿಗೆ, ಯಾವತ್ತು ಹೋಗಿದ್ದಿರಿ, ಸುತ್ತಮುತ್ತ ಮಂಗ ಸತ್ತಿತ್ತೇ ಎಂಬುದನ್ನೂ ಹೇಳಿ.

ಜ್ವರ ಬಿಟ್ಟಿತೆಂದು ಕೂಡಲೇ ತೋಟದ ಕೆಲಸಕ್ಕೆ ಇಳಿಯುವವರಿದ್ದಾರೆ. ಕೆಲವರಿಗೆ ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಜ್ವರ ಮರಳುತ್ತದೆ. ಈ ಬಾರಿ ತೀವ್ರ ತಲೆನೋವು, ಕತ್ತು ಸೆಟೆಯುವುದು, ಕೈ ನಡುಗುವುದು, ಕಣ್ಣು ಮಂಜಾಗುವುದು, ಮಾತು ಗೊಂದಲವಾಗುವುದು ಜೊತೆಗಿರಬಹುದು. ಬೆಳಗಾಗಲಿ ನೋಡೋಣ ಎನ್ನದೆ ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ಯಿರಿ, ಮೊದಲ ಜ್ವರದ ಚೀಟಿ ಜೊತೆಗಿರಲಿ.