ಕೊಡಲು ಏನೂ ಇಲ್ಲದ ಕಚೇರಿ: ಅಮೆರಿಕದ ಕೌಂಟಿ ಎಕ್ಸ್‌ಟೆನ್ಶನ್ ನಡೆಯುವ ಬಗೆ

ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಹೋಗುವವರಿಗೆ ಅಲ್ಲಿ ಏನಾದರೂ ಸಿಗುತ್ತದೆ ಎಂಬ ಲೆಕ್ಕ ಇರುತ್ತದೆ. ರಿಯಾಯಿತಿ ದರದ ಬಿತ್ತನೆ ಬೀಜ, ಟಾರ್ಪಾಲು, ಸ್ಪ್ರೇಯರ್. ಪಹಣಿ, ಆಧಾರ್ ಹಿಡಿದು ಸಾಲು ನಿಲ್ಲುವುದು ಅದಕ್ಕೇ. ಅಮೆರಿಕದ ಹಳ್ಳಿಗಾಡಿನ ಕೌಂಟಿಯ (ನಮ್ಮ ತಾಲ್ಲೂಕಿನಂಥ ಆಡಳಿತ ಘಟಕ) ಎಕ್ಸ್‌ಟೆನ್ಶನ್ ಕಚೇರಿಯಲ್ಲಿ, ಅಂದರೆ ವಿಶ್ವವಿದ್ಯಾಲಯದ ವಿಸ್ತರಣಾ ಕಚೇರಿಯಲ್ಲಿ, ಇಂಥದ್ದೇನೂ ಸಿಗುವುದಿಲ್ಲ. ಬೆಳೆ ನೆರವಿನ ಹಣ ಕೇಂದ್ರ ಸರ್ಕಾರದ ಫಾರ್ಮ್ ಸರ್ವೀಸ್ ಏಜೆನ್ಸಿಯದು, ಮಣ್ಣು–ನೀರು ಸಂರಕ್ಷಣೆಯ ಅನುದಾನ ಬೇರೊಂದು ಇಲಾಖೆಯದು, ಕೀಟನಾಶಕದ ಕಾನೂನು ಮುರಿದವರಿಗೆ ದಂಡ ಹಾಕುವುದು ಸಾಮಾನ್ಯವಾಗಿ ರಾಜ್ಯದ ಕೃಷಿ ಇಲಾಖೆ. ಎಕ್ಸ್‌ಟೆನ್ಶನ್ ಕೈಯಲ್ಲಿ ಉಳಿಯುವುದು ಮಾತು ಮಾತ್ರ. ಹಾಗಾಗಿ ಈ ಕಚೇರಿಯ ಮುಖ್ಯಸ್ಥರು, ಅಂದರೆ ಕೌಂಟಿ ಡೈರೆಕ್ಟರ್, ಮಾಡುವ ಕೆಲಸವನ್ನೆಲ್ಲ ಒಂದೇ ಪ್ರಶ್ನೆಯಿಂದ ಅಳೆಯಬಹುದು: ಇದರಿಂದ ಕಚೇರಿಯ ಮಾತಿಗೆ ಬೆಲೆ ಏರುತ್ತದೋ, ಇಳಿಯುತ್ತದೋ?

ಹಿನ್ನೆಲೆ ಸ್ವಲ್ಪ ಬೇಕು. ಟೆಕ್ಸಾಸ್‌ನ ಟೆರೆಲ್ ಊರಿನಲ್ಲಿ 1903ರಲ್ಲಿ ಸೀಮನ್ ನ್ಯಾಪ್ ಎಂಬವರು ಒಬ್ಬ ರೈತನ ಸ್ವಂತ ಹೊಲದಲ್ಲೇ, ಆತನ ಕೈಯಿಂದಲೇ ಹೊಸ ಪದ್ಧತಿ ಮಾಡಿಸಿದರು. ನಷ್ಟವಾದರೆ ತುಂಬಿಕೊಡಲು ಊರಿನ ವ್ಯಾಪಾರಿಗಳು ಮೊದಲೇ ಹಣ ಕೂಡಿಸಿಟ್ಟಿದ್ದರು. ಸರ್ಕಾರಿ ಫಾರಂನಲ್ಲಿ ಬಂದ ಇಳುವರಿಯನ್ನು ಯಾರೂ ನಂಬುವುದಿಲ್ಲ, ಪಕ್ಕದ ಹೊಲದವನದ್ದನ್ನು ನಂಬುತ್ತಾರೆ ಎಂಬುದು ಅವರ ಲೆಕ್ಕ. 1914ರ ಸ್ಮಿತ್–ಲೀವರ್ ಕಾಯ್ದೆ ಈ ಕ್ರಮವನ್ನು ದೇಶಕ್ಕೆಲ್ಲ ಹರಡಿತು. ಕೇಂದ್ರ, ರಾಜ್ಯ, ಕೌಂಟಿ ಸೇರಿ ಹಣ ಹಾಕುವುದು, ಆಯಾ ರಾಜ್ಯದ ಲ್ಯಾಂಡ್‌ಗ್ರಾಂಟ್ (ಸರ್ಕಾರ ಕೊಟ್ಟ ಭೂಮಿಯ ಬಲದಿಂದ ಕಟ್ಟಿದ) ವಿಶ್ವವಿದ್ಯಾಲಯ ನಡೆಸುವುದು ಇದರ ಏರ್ಪಾಡು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಕಟ್ಟುವಾಗ, 1960ರ ದಶಕದಲ್ಲಿ, ಇದೇ ಮಾದರಿ ನಮ್ಮಲ್ಲಿಗೂ ಬಂತು. ಟೆನ್ನೆಸೀ ವಿಶ್ವವಿದ್ಯಾಲಯ ಅದಕ್ಕೆ ಜೊತೆಯಾಗಿತ್ತು. ಬೋಧನೆ, ಸಂಶೋಧನೆ, ವಿಸ್ತರಣೆ ಒಂದೇ ಸೂರಿನಡಿ ಎಂಬ ಮಾತು ಅಲ್ಲಿಂದ ಬಂದದ್ದು.

ಮೂವರು ಹಣ ಹಾಕಿದರೆ ಯಜಮಾನರೂ ಮೂವರು. ಏಜೆಂಟರ, ಅಂದರೆ ಕಚೇರಿಯ ವಿಸ್ತರಣಾ ಸಿಬ್ಬಂದಿಯ, ಸಂಬಳದ ದೊಡ್ಡ ಪಾಲು ವಿಶ್ವವಿದ್ಯಾಲಯದ್ದು. ಕಟ್ಟಡ, ಕಚೇರಿ ಸಹಾಯಕಿಯ ಸಂಬಳ, ಓಡಾಟದ ಖರ್ಚು ಹೆಚ್ಚಾಗಿ ಕೌಂಟಿಯದ್ದು. ಕೇಂದ್ರದ ಹಣದ ಜೊತೆಗೆ ಕೇಂದ್ರದ ಷರತ್ತು. ರಾಜ್ಯದಿಂದ ರಾಜ್ಯಕ್ಕೆ ಏರ್ಪಾಡು ಬೇರೆಯಾಗುತ್ತದೆ. ಅಯೋವದಲ್ಲಿ ಪ್ರತಿ ಎಕ್ಸ್‌ಟೆನ್ಶನ್ ಜಿಲ್ಲೆಗೂ ಜನರೇ ಚುನಾಯಿಸಿದ 9 ಸದಸ್ಯರ ಕೌನ್ಸಿಲ್ ಇದೆ, ತೆರಿಗೆ ಹಾಕುವ ಅಧಿಕಾರವೂ ಅದಕ್ಕಿದೆ. ಅಲ್ಲಿನ ಒಂದು ಕೌಂಟಿ ವಿಸ್ತೀರ್ಣದಲ್ಲಿ ನಮ್ಮ ದೊಡ್ಡ ತಾಲ್ಲೂಕಿನಷ್ಟಿದ್ದರೂ ಹಲವು ಕಡೆ ಜನಸಂಖ್ಯೆ ಹತ್ತು ಸಾವಿರದ ಆಸುಪಾಸು. ಬೇರೆ ಬಹಳಷ್ಟು ರಾಜ್ಯಗಳಲ್ಲಿ ವರ್ಷವರ್ಷವೂ ಕೌಂಟಿಯ ಆಡಳಿತ ನಡೆಸುವ ಚುನಾಯಿತ ಕಮಿಷನರುಗಳ ಮುಂದೆ ನಿಂತು ಬಜೆಟ್ ಕೇಳಬೇಕು. ಶೆರಿಫ್ (ಪೊಲೀಸ್) ಕಚೇರಿ, ರಸ್ತೆ ಇಲಾಖೆ ಕೇಳುವ ಅದೇ ಗಂಟಿನಿಂದ. ರಸ್ತೆಯ ಗುಂಡಿ ಕಣ್ಣಿಗೆ ಕಾಣುತ್ತದೆ, ಪಾಠ ಕಾಣುವುದಿಲ್ಲ.

ಹೊಸ ಡೈರೆಕ್ಟರುಗಳು ಎಡವುವ ಜಾಗ ಇದೇ. ಕಮಿಷನರುಗಳನ್ನು ಬಜೆಟ್ ತಿಂಗಳಲ್ಲಿ ಮಾತ್ರ ನೋಡಿದರೆ ಹಣ ಕೇಳಲು ಬಂದವರಂತೆಯೇ ಕಾಣುತ್ತೀರಿ. ಎರಡು ಮೂರು ತಿಂಗಳಿಗೊಮ್ಮೆ ಅವರ ಸಭೆಯಲ್ಲಿ 5 ನಿಮಿಷ ಸಮಯ ಪಡೆದು, ಕಾರ್ಯಕ್ರಮದ ಲಾಭ ಪಡೆದ ಒಬ್ಬ ರೈತನನ್ನೋ ಒಬ್ಬ ಹುಡುಗಿಯನ್ನೋ ಮಾತಾಡಿಸಿ ಕೂರುವುದು ಉತ್ತಮ. ಬಜೆಟ್ ಹಾಳೆಯಲ್ಲಿ ಕೌಂಟಿಯ ಪಾಲಿನ ಪಕ್ಕದಲ್ಲೇ ಅದರಿಂದ ಬರುವ ರಾಜ್ಯ, ಕೇಂದ್ರದ ಪಾಲನ್ನೂ ಬರೆಯಬೇಕು. ಕೌಂಟಿ ಹಿಂದೆ ಸರಿದರೆ ಇನ್ನೇನು ಹೋಗುತ್ತದೆ ಎಂಬುದು ಆಗ ಬಾಯಿ ಬಿಟ್ಟು ಹೇಳದೆಯೇ ಗೊತ್ತಾಗುತ್ತದೆ.

ಇನ್ನು ಹೊಲದ ಕೆಲಸ. ಮೆಕ್ಕೆಜೋಳ, ಸೋಯಾಬೀನ್ ಸೀಮೆಯಲ್ಲಿ ಕಚೇರಿಯ ಮಾನ ಉಳಿಸುವುದೂ ಕಳೆಯುವುದೂ ರೈತರ ಹೊಲದ ಪಟ್ಟೆ ಪ್ರಯೋಗಗಳೇ. ‘ಈ ಜೈವಿಕ ದ್ರಾವಣ ಹಾಕಿದರೆ ಇಳುವರಿ ಬರುತ್ತದಾ?’ ಎಂದು ರೈತ ಕೇಳುತ್ತಾನೆ. ಅರ್ಧ ಹೊಲಕ್ಕೆ ಹಾಕಿ, ಅರ್ಧ ಬಿಟ್ಟು ನೋಡುವುದು ಅವನ ಸಹಜ ದಾರಿ. ಅದರಿಂದ ಗೊತ್ತಾಗುವುದು ಹೊಲದ ಯಾವ ಅರ್ಧ ಫಲವತ್ತು ಎಂಬುದಷ್ಟೇ. ಹಾಕಿದ ಪಟ್ಟೆ, ಹಾಕದ ಪಟ್ಟೆ ಜೋಡಿಯಾಗಿ ಕನಿಷ್ಠ 4 ಸಲ ಬರಬೇಕು. ಪ್ರತಿ ಜೋಡಿಯಲ್ಲಿ ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಬೇಕು, ರೈತನ ಮನಸ್ಸಿಗೆ ಬಿಡಬಾರದು. ಪಟ್ಟೆಯ ಅಗಲ ಯಂತ್ರಕ್ಕೆ ಹೊಂದಬೇಕು. ಬಿತ್ತನೆ ಯಂತ್ರ 12 ಸಾಲಿನದು, ಕೊಯ್ಲಿನ ಕಂಬೈನ್ 8 ಸಾಲಿನದು ಎಂದಾದರೆ 12 ಸಾಲು ಬಿತ್ತಿ ನಡುವಿನ 8 ಸಾಲು ಮಾತ್ರ ಕೊಯ್ದು ತೂಗಬೇಕು. ಅಕ್ಕಪಕ್ಕದ ಎರಡೆರಡು ಸಾಲಿನ ಮೇಲೆ ಪಕ್ಕದ ಪಟ್ಟೆಯ ಸಿಂಪರಣೆ ಹಾರಿ ಬಂದಿರುತ್ತದೆ. ಟ್ರ್ಯಾಕ್ಟರ್ ತಿರುಗುವ ಹೊಲದ ತುದಿಗಳನ್ನು ಲೆಕ್ಕದಿಂದ ಬಿಡಬೇಕು, ಅಲ್ಲಿ ಮಣ್ಣು ಗಟ್ಟಿಯಾಗಿರುತ್ತದೆ.

ತೂಕ ಹಾಕಿದ ಮೇಲೆ ತೇವಾಂಶ. ಮೆಕ್ಕೆಜೋಳಕ್ಕೆ 15.5%, ಸೋಯಾಬೀನ್‌ಗೆ 13% ತೇವಾಂಶಕ್ಕೆ ಇಳಿಸಿ ಹೋಲಿಸುವುದು ರೂಢಿ. ಒಂದು ಎಕರೆ ಪಟ್ಟೆಯಿಂದ 20% ತೇವಾಂಶದ 10,000 ಪೌಂಡ್ ಮೆಕ್ಕೆಜೋಳ ಬಂತು ಎನ್ನಿ. ಅದನ್ನು 80ರಿಂದ (100ರಲ್ಲಿ 20 ಕಳೆದದ್ದು) ಗುಣಿಸಿ 84.5ರಿಂದ (100ರಲ್ಲಿ 15.5 ಕಳೆದದ್ದು) ಭಾಗಿಸಿದರೆ ಸುಮಾರು 9,467 ಪೌಂಡ್. ಕಾಳು ಅಳೆಯುವ ಅಲ್ಲಿನ ಮಾನವಾದ ಬುಶೆಲ್‌ಗೆ 56 ಪೌಂಡ್ ಹಿಡಿದರೆ 169 ಬುಶೆಲ್. ಹಸಿ ತೂಕವನ್ನೇ ಭಾಗಿಸಿದ್ದರೆ ಸುಮಾರು 179 ಬರುತ್ತಿತ್ತು. ಎಷ್ಟೋ ದ್ರಾವಣಗಳ ಜಾಹೀರಾತಿನಲ್ಲಿ ಹೇಳುವ ಲಾಭ ಈ 10 ಬುಶೆಲ್‌ಗಿಂತ ಕಡಿಮೆ! ಶಿಲೀಂಧ್ರನಾಶಕ ಹೊಡೆದ ಗಿಡ ಹೆಚ್ಚು ದಿನ ಹಸಿರಾಗಿದ್ದು ಕೊಯ್ಲಿನ ಹೊತ್ತಿಗೆ ಕಾಳು ಹಸಿಯಾಗಿರುತ್ತದೆ, ಹಾಗಾಗಿ ಈ ತಪ್ಪು ಸಾಮಾನ್ಯವಾಗಿ ಕಂಪನಿಯ ಪರವಾಗಿಯೇ ವಾಲುತ್ತದೆ. ಪ್ರತಿ ಪಟ್ಟೆಯ ತೇವಾಂಶವನ್ನು ಬೇರೆ ಬೇರೆ ಅಳೆಯದ ಪ್ರಯೋಗದ ಫಲಿತಾಂಶವನ್ನು ಕಚೇರಿಯ ಹೆಸರಿನಲ್ಲಿ ಹೊರಗೆ ಬಿಡಲೇಬಾರದು.

‘ವ್ಯತ್ಯಾಸ ಕಾಣಲಿಲ್ಲ’ ಎಂಬ ಫಲಿತಾಂಶವನ್ನೂ ಅಷ್ಟೇ ದೊಡ್ಡದಾಗಿ ಹೇಳುವ ಎದೆಗಾರಿಕೆ ಬೇಕು. ಚಳಿಗಾಲದ ಸಭೆಯ ಊಟದ ಖರ್ಚು ಹೊತ್ತ ವ್ಯಾಪಾರಿ ಅದೇ ಕೋಣೆಯಲ್ಲಿ ಕುಳಿತಿರಬಹುದು. ಪ್ರಾಯೋಜಕರ ಹೆಸರು ಹೇಳಿ ಧನ್ಯವಾದ ಹೇಳುವುದು ಸರಿ, ಅವರ ಮೇಜಿಗೆ ಜಾಗ ಕೊಡುವುದೂ ಸರಿ. ಪಾಠದ ಸಮಯವನ್ನು ಮಾತ್ರ ಕೊಡಬಾರದು. ಔಷಧಿ ಹೇಳುವಾಗ ಬ್ರ್ಯಾಂಡ್ ಬಿಟ್ಟು ರಾಸಾಯನಿಕದ ಹೆಸರು ಹೇಳಬೇಕು.

ಸಭೆಗಳ ಕಾಲ ಜನವರಿಯಿಂದ ಮಾರ್ಚ್. ಏಪ್ರಿಲ್ ಬಂತೆಂದರೆ ಬಿತ್ತನೆ, ಯಾರೂ ಬರುವುದಿಲ್ಲ. ಹೈನುಗಾರರಿದ್ದರೆ ಬೆಳಗಿನ ಕರಾವು ಮುಗಿದ ಮೇಲೆ, ಹತ್ತರಿಂದ ಮಧ್ಯಾಹ್ನ ಎರಡರೊಳಗೆ ಮುಗಿಸಬೇಕು. ಹೆಚ್ಚು ಜನ ಸೇರುವುದು ನಿರ್ಬಂಧಿತ ಕೀಟನಾಶಕ ಬಳಸುವ ಪರವಾನಗಿ ನವೀಕರಣದ ತರಗತಿಗೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಬಳಸುವವರಿಗಂತೂ 3 ವರ್ಷಕ್ಕೊಮ್ಮೆ ಪ್ರತ್ಯೇಕ ತರಬೇತಿ. ಇಲ್ಲಿ ಎದುರಾಗುವ ಪೇಚು ಪ್ರತಿವರ್ಷವೂ ಒಂದೇ. ಮುಕ್ಕಾಲು ತರಗತಿ ಮುಗಿದ ಮೇಲೆ ಪರಿಚಯದ ರೈತ ಬಂದು, ‘ಒಂದು ಸಹಿ ಹಾಕಿಸಿಕೊಳ್ಳಿ, ಇದೆಲ್ಲಾ ನನಗೆ ಗೊತ್ತಿರೋದೇ’ ಎನ್ನುತ್ತಾನೆ. ಅವನ ತಮ್ಮ ಕಮಿಷನರ್ ಆಗಿರಲೂಬಹುದು. ಸಹಿ ಹಾಕಿಸಿಕೊಂಡರೆ ಮುಂದಿನ ವರ್ಷ ಹತ್ತು ಮಂದಿ ತಡವಾಗಿ ಬರುತ್ತಾರೆ, ರಾಜ್ಯದ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ತರಗತಿ ನಡೆಸುವ ಅನುಮತಿಗೇ ಕುತ್ತು. ಒಳಗೆ ಬರುವಾಗ ಒಂದು ಸಹಿ, ಹೋಗುವಾಗ ಒಂದು ಸಹಿ ಎಂಬ ಪದ್ಧತಿ ಇಟ್ಟು, ಮುಂದಿನ ತರಗತಿಯ ದಿನಾಂಕ ಬರೆದ ಚೀಟಿಯನ್ನು ಬಾಗಿಲಲ್ಲೇ ಇಟ್ಟುಕೊಂಡರೆ ವಾದಕ್ಕೆ ಎಡೆ ಇರುವುದಿಲ್ಲ.

ಮಣ್ಣಿನ ಪರೀಕ್ಷೆ ಮಾಡುವುದು ವಿಶ್ವವಿದ್ಯಾಲಯದ ಪ್ರಯೋಗಾಲಯ, ಮಾದರಿ ಕೆಡುವುದು ಹೊಲದಲ್ಲಿ. ಅಂಕುಡೊಂಕಾಗಿ ನಡೆದು 15–20 ಕಡೆಯಿಂದ, ಉತ್ತ ಹೊಲದಲ್ಲಾದರೆ 6–8 ಇಂಚು ಆಳದಿಂದ ಮಣ್ಣು ತೆಗೆದು, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಬೆರೆಸಿ, ಚೀಲದ ತುಂಬ ಕೊಟ್ಟರೆ ಸಾಕು. ಸತುವಿನ ಲೇಪದ ತಗಡಿನ ಬಕೆಟ್ ಬಳಸಿದರೆ ವರದಿಯಲ್ಲಿ ಸತು ಮಿತಿಮೀರಿ ಕಾಣುತ್ತದೆ. ಬೇಲಿಯ ಬುಡ, ಹಳೆಯ ಗೊಬ್ಬರದ ಗುಂಡಿ ಬೇಡ. ಅಲ್ಲಿರುವ ಕನ್ನಡಿಗರಿಗೂ ಈ ಕಚೇರಿಯ ಬಾಗಿಲು ತೆರೆದೇ ಇರುತ್ತದೆ. ಹಿತ್ತಲಲ್ಲಿ ಬದನೆ, ಹೀರೆ, ಅವರೆ ಹಾಕುವ ಮುಂಚೆ ಒಂದು ಚೀಲ ಮಣ್ಣು ಕೊಟ್ಟು ಬರಬಹುದು.

ಅಡುಗೆಮನೆಯ ಪಾಠಗಳನ್ನು ಸಣ್ಣದೆಂದು ನೋಡುವ ಡೈರೆಕ್ಟರುಗಳಿದ್ದಾರೆ. ಕಚೇರಿಯ ಮಾತು ತಪ್ಪಿದರೆ ಜೀವ ಹೋಗುವ ಜಾಗ ಇದು ಎಂಬುದನ್ನು ಅವರು ಮರೆಯುತ್ತಾರೆ. ತರಕಾರಿಯನ್ನು ಗಾಜಿನ ಜಾಡಿಯಲ್ಲಿ ಮುಚ್ಚಿ ಚಳಿಗಾಲಕ್ಕೆ ಇಡುವುದು ಅಲ್ಲಿನ ಹಳ್ಳಿಮನೆಗಳ ರೂಢಿ. ಹುಳಿ ಕಡಿಮೆ ಇರುವ, ಅಂದರೆ ಪಿಎಚ್ 4.6ಕ್ಕಿಂತ ಮೇಲಿರುವ ಪದಾರ್ಥದಲ್ಲಿ ಬಾಟುಲಿಸಂ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾದ ಬೀಜಕಣ ಕುದಿಯುವ ನೀರಿಗೂ ಸಾಯುವುದಿಲ್ಲ. ಅದಕ್ಕೆ ಸುಮಾರು 116 ಡಿಗ್ರಿ ಸೆಲ್ಸಿಯಸ್ ಬೇಕು, ಅಷ್ಟು ಶಾಖ ಒತ್ತಡದ ಕ್ಯಾನರ್‌ನಲ್ಲಿ (ಜಾಡಿ ಇಡುವ ದೊಡ್ಡ ಕುಕ್ಕರ್‌ನಂಥ ಪಾತ್ರೆ) ಮಾತ್ರ ಸಿಗುತ್ತದೆ. ಹುರುಳಿಕಾಯಿಗೆ, ಅಂದರೆ ಹಸಿರು ಬೀನ್ಸ್‌ಗೆ, ಪೈಂಟ್ (ಸುಮಾರು ಅರ್ಧ ಲೀಟರ್) ಜಾಡಿಗೆ 20 ನಿಮಿಷ, ಕ್ವಾರ್ಟ್ (ಸುಮಾರು ಒಂದು ಲೀಟರ್) ಜಾಡಿಗೆ 25 ನಿಮಿಷ. ಮುಳ್ಳಿನ ಮಾಪಕದ ಕ್ಯಾನರ್ ಆದರೆ 2,000 ಅಡಿ ಎತ್ತರದವರೆಗೆ 11 ಪೌಂಡ್ ಒತ್ತಡ. ತೂಕದ ಮಾಪಕದ್ದಾದರೆ 1,000 ಅಡಿವರೆಗೆ 10, ಅದಕ್ಕಿಂತ ಮೇಲೆ 15. ತೂಕ ಇಡುವ ಮುಂಚೆ 10 ನಿಮಿಷ ಉಗಿ ಬಿಡಬೇಕು. ಒಳಗೆ ಗಾಳಿ ಉಳಿದರೆ ಮಾಪಕ ಸರಿಯಾದ ಒತ್ತಡ ತೋರಿಸಿದರೂ ಶಾಖ ಏರಿರುವುದಿಲ್ಲ.

ಮುಳ್ಳಿನ ಮಾಪಕಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿಕೊಡುವುದು ಬಹಳಷ್ಟು ಕೌಂಟಿ ಕಚೇರಿಗಳ ಹಳೆಯ ಸೇವೆ. 2 ಪೌಂಡ್‌ಗಿಂತ ಹೆಚ್ಚು ತಪ್ಪು ತೋರಿಸಿದರೆ ಬದಲಿಸಿ ಎನ್ನುತ್ತಾರೆ. ಇದ್ದದ್ದಕ್ಕಿಂತ ಹೆಚ್ಚು ತೋರಿಸುವ ಮಾಪಕವೇ ಅಪಾಯದ್ದು. ಟೊಮೆಟೊ ಹುಳಿಯೇ ಅಲ್ಲವೇ ಎಂದು ವಾದಿಸುವವರಿಗೆ: ತಳಿ, ಹಣ್ಣಿನ ಬಲಿತಕ್ಕೆ ತಕ್ಕಂತೆ ಹುಳಿ ಬದಲಾಗುತ್ತದೆ, ಆದ್ದರಿಂದ ಕ್ವಾರ್ಟ್‌ಗೆ 2 ಟೇಬಲ್‌ ಚಮಚ ಬಾಟಲಿಯ ನಿಂಬೆರಸ. ಮನೆಯಲ್ಲಿ ಹಿಂಡಿದ್ದು ಬೇಡ, ಅದರ ಹುಳಿ ಒಂದೇ ಸಮ ಇರುವುದಿಲ್ಲ. ಇದೇ ತರ್ಕಕ್ಕೆ ನಮ್ಮ ಬದನೆಕಾಯಿ ಗೊಜ್ಜನ್ನೋ ಬೆಳ್ಳುಳ್ಳಿ ಎಣ್ಣೆಯನ್ನೋ ತಂದು ‘ಇದನ್ನು ಜಾಡಿಯಲ್ಲಿ ಮುಚ್ಚಿಡಬಹುದಾ?’ ಎಂದು ಕೇಳಿದರೆ ಏಜೆಂಟ್ ಒಪ್ಪುವುದಿಲ್ಲ. ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಪಾಕವಿಧಾನಕ್ಕೆ ಮಾತ್ರ ಹೂಂ. ಫ್ರೀಜರ್‌ನಲ್ಲಿಡಿ ಎನ್ನುತ್ತಾರೆ. ಅದು ಸರಿಯಾದ ಉತ್ತರವೇ.

ಮಕ್ಕಳ ವಿಭಾಗದ ಹೆಸರು 4-ಎಚ್. ಕೌಂಟಿ ಜಾತ್ರೆಗೆ ಹಂದಿ ಸಾಕುವ ಹುಡುಗನಿಗೆ ಲೆಕ್ಕ ಕಲಿಸುವುದು ಹಿಂದಿನಿಂದ ಮುಂದಕ್ಕೆ. ಜಾತ್ರೆಯ ದಿನ 270 ಪೌಂಡ್ ಬೇಕು, ಮರಿ ಕೊಳ್ಳುವಾಗ 60 ಪೌಂಡ್, ದಿನಕ್ಕೆ 1.8 ಪೌಂಡ್ ಏರುತ್ತದೆ ಎಂದರೆ 117 ದಿನ. ಜುಲೈ ಕೊನೆಯ ಜಾತ್ರೆಗೆ ಏಪ್ರಿಲ್ ಮೊದಲ ವಾರದೊಳಗೆ ಮರಿ ಮನೆಯಲ್ಲಿರಬೇಕು. ಔಷಧಿ ಕೊಟ್ಟ ದಿನ, ಮಾಂಸಕ್ಕೆ ಬಿಡಬಹುದಾದ ದಿನ ಎರಡನ್ನೂ ಬರೆದಿಡಿಸಬೇಕು. ಹರಾಜಾದ ಪ್ರಾಣಿ ಕಸಾಯಿಖಾನೆಗೇ ಹೋಗುತ್ತದೆ. ಅರ್ಜಿ, ಪ್ರಾಣಿಯ ಗುರುತಿನ ಕಿವಿಯೋಲೆ, ತೂಕದ ಗಡುವು ಒಂದು ದಿನ ತಪ್ಪಿದ ಮಗುವಿನ ತಂದೆ ಕಚೇರಿಯಲ್ಲಿ ಕೂಗಾಡುವುದು ಖಂಡಿತ. ನಿಯಮವನ್ನು ಸಡಿಲಿಸುವ ಅಧಿಕಾರ ಒಬ್ಬರ ಕೈಯಲ್ಲಿರಬಾರದು, ಜಾತ್ರೆ ಸಮಿತಿಯ ಕೈಯಲ್ಲಿರಬೇಕು. ಇಲ್ಲದಿದ್ದರೆ ಹತ್ತು ವರ್ಷದಲ್ಲಿ ಕಟ್ಟಿದ ಹೆಸರು ಒಂದು ಹಂದಿಗೆ ಹೋಗುತ್ತದೆ. ಸ್ವಯಂಸೇವಕರ ಹಿನ್ನೆಲೆ ಪರಿಶೀಲನೆ, ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು, ಇವೆರಡರಲ್ಲಿ ರಿಯಾಯಿತಿಯ ಮಾತೇ ಇಲ್ಲ.

ಯಾರು ಬರುತ್ತಿಲ್ಲ ಎಂದು ನೋಡುವುದೂ ಡೈರೆಕ್ಟರ್ ಕೆಲಸ, ಮತ್ತು ಹೆಚ್ಚು ತಪ್ಪಿಹೋಗುವ ಕೆಲಸ. ಕಪ್ಪು ಜನರ ಕಾಲೇಜಾದ ಟಸ್ಕೀಗಿಯಿಂದ ಥಾಮಸ್ ಕ್ಯಾಂಪ್‌ಬೆಲ್ 1906ರಲ್ಲೇ ಬಂಡಿ ಕಟ್ಟಿಕೊಂಡು ಹಳ್ಳಿ ಸುತ್ತಿದ್ದರು. ಆದರೂ 1914ರ ಕಾಯ್ದೆ ಹಣ ಹಂಚುವ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟಿತು, ದಕ್ಷಿಣದ ರಾಜ್ಯಗಳು ಬಿಳಿಯರ ಕಾಲೇಜುಗಳಿಗೇ ಕೊಟ್ಟವು. ಕಪ್ಪು ಜನರ ಕಾಲೇಜುಗಳ ವಿಸ್ತರಣೆಗೆ ಪ್ರತ್ಯೇಕ ಅನುದಾನದ ಕಾನೂನು ಬಂದದ್ದು 1977ರಲ್ಲಿ. ಹಾಜರಿಯಲ್ಲಿ ಜನಾಂಗ, ಲಿಂಗ ಬರೆಸಿಕೊಂಡು ಕೌಂಟಿಯ ಜನಸಂಖ್ಯೆಯ ಜೊತೆ ಹೋಲಿಸುವುದು ಆಮೇಲೆ ಬಂದ ರೂಢಿ. ವ್ಯತ್ಯಾಸವಿದ್ದರೆ ಏನು ಪ್ರಯತ್ನ ಮಾಡಿದಿರಿ ಎಂಬುದಕ್ಕೆ ಕಾಗದ ಬೇಕು. ಸ್ಪ್ಯಾನಿಷ್ ಮಾತಾಡುವ ಡೈರಿ ಕೆಲಸಗಾರರಿಗೆ ಇಂಗ್ಲಿಷ್ ಕರಪತ್ರ ಅಂಚೆಗೆ ಹಾಕಿದ್ದನ್ನು ಪ್ರಯತ್ನ ಎನ್ನುವುದು ಕಷ್ಟ. ಪಾಳಿ ಬದಲಾಗುವ ಹೊತ್ತಿಗೆ ಡೈರಿಗೇ ಹೋಗಬೇಕು.

ವರ್ಷದ ಕೊನೆಯ ವರದಿಗೆ ತಲೆ ಎಣಿಕೆ ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಬರೆಯುತ್ತಾರೆ. ತರಗತಿಯಾದ 6 ತಿಂಗಳಿಗೆ ಕೆಲವರಿಗಾದರೂ ಫೋನ್ ಮಾಡಿ ‘ಏನು ಬದಲಿಸಿದಿರಿ?’ ಎಂದು ಕೇಳಿದ ಉತ್ತರ ಹೆಚ್ಚು ಬೆಲೆಯದ್ದು. ಸೊನ್ನೆ ಬಂದ ಕಾರ್ಯಕ್ರಮವನ್ನು ನಿಲ್ಲಿಸಬೇಕು. ಇಪ್ಪತ್ತು ವರ್ಷದಿಂದ ನಡೆದುಬಂದಿದೆ ಎಂಬುದು ಕಾರಣವಾಗದು.

ಏಜೆಂಟರು ಬಿಟ್ಟುಹೋಗುವುದು ಸಾಮಾನ್ಯ. ಸಂಜೆ, ವಾರಾಂತ್ಯದ ದುಡಿಮೆ ಹೆಚ್ಚು, ಸಂಬಳ ಅಷ್ಟಕ್ಕಷ್ಟೆ. ಹೋಗುವ ಮೊದಲು ಅವರಿಂದ ಪಡೆಯಬೇಕಾದದ್ದು ಪಟ್ಟೆ ಪ್ರಯೋಗಗಳ ನಕ್ಷೆ, ಹೊಲ ಕೊಟ್ಟ ರೈತರ ಪಟ್ಟಿ, ಅವರಿಗೆ ಬಾಯಿಮಾತಿನಲ್ಲಿ ಕೊಟ್ಟ ಭರವಸೆಗಳು. 4-ಎಚ್ ಕ್ಲಬ್‌ಗಳ ಬ್ಯಾಂಕ್ ಖಾತೆಗೆ ಎರಡು ಸಹಿ ಇರಬೇಕು, ಒಂದೇ ಮನೆಯ ಇಬ್ಬರದ್ದಲ್ಲ. ಹೋದವರ ಹೆಸರು ಅದರಲ್ಲಿದ್ದರೆ ಅದೇ ವಾರ ತೆಗೆಸಬೇಕು.