ಬೈಕ್ ಟ್ರಿಪ್‌ನಲ್ಲಿ ಇಂಥ ಕೆಫೆ ನಿಮಗೇ ಹೇಗೆ ಸಿಗುತ್ತದೆ?

ಟ್ರಿಪ್ ಮುಗಿಸಿ ಬಂದು ಫೋಟೊ ತೋರಿಸಿದರೆ ಬೆಟ್ಟ, ತಿರುವು, ಸೂರ್ಯಾಸ್ತ ಯಾವುದರ ಬಗ್ಗೆಯೂ ಯಾರೂ ಕೇಳುವುದಿಲ್ಲ. ಎಲ್ಲರ ಕಣ್ಣೂ ಆ ಚಿಕ್ಕ ಊರಿನ ಕೆಫೆ ಮೇಲೆ. "ಇಂಥ ಜಾಗ ನಿಮಗೇ ಹೇಗೆ ಸಿಗುತ್ತೆ? ಮೊದಲೇ ಹುಡುಕಿ ಇಟ್ಟಿರ್ತೀರಾ?"

ಇಲ್ಲ, ಹುಡುಕಿ ಇಟ್ಟಿರುವುದಿಲ್ಲ. ಹಾಗಂತ ಬರೀ ಅದೃಷ್ಟ ಅಂತಲೂ ಹೇಳಲಾರೆ. ಅರ್ಧ ಕೆಲಸ ಬೈಕೇ ಮಾಡುತ್ತದೆ.

ಕಾರಿನಲ್ಲಿ ಎಸಿ ಹಾಕಿಕೊಂಡು ಹಾಡು ಕೇಳುತ್ತಾ ಕೂತರೆ ಒಂದು ಊರು ದಾಟಿದ್ದೇ ಗೊತ್ತಾಗುವುದಿಲ್ಲ. ಬೈಕಿನಲ್ಲಿ ಹಾಗಲ್ಲ, ಮೈ ಸುಮ್ನೆ ಬಿಡುವುದಿಲ್ಲ. ಸ್ವಲ್ಪ ದೂರ ಹೋದರೆ ಸೊಂಟ ಹಿಡಿದುಕೊಳ್ಳುತ್ತದೆ, ಹ್ಯಾಂಡಲ್‌ನ ನಡುಕಕ್ಕೆ ಬೆರಳು ಜುಮ್ಮೆನ್ನುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೆಲ್ಮೆಟ್ ಒಳಗಿನ ಗಾಳಿಯ ಸದ್ದು 90 ಡೆಸಿಬೆಲ್ ದಾಟುತ್ತದೆ. ಇಯರ್‌ಪ್ಲಗ್ ಇಲ್ಲದಿದ್ದರೆ ಆ ಗದ್ದಲವೇ ಅರ್ಧ ಸುಸ್ತು ಮಾಡಿಬಿಡುತ್ತದೆ. ಬೆವರು ಗಾಳಿಗೆ ಆಗಿಂದಾಗಲೇ ಆರಿಹೋಗುವುದರಿಂದ ನೀರು ಕುಡಿಯಬೇಕು ಅನ್ನುವುದೂ ಮರೆತುಹೋಗುತ್ತದೆ. ಕೊನೆಗೆ ತಲೆ ಭಾರವಾದಾಗ ಎದುರಿಗೆ ಯಾವ ಊರು ಬರುತ್ತದೋ ಅಲ್ಲೇ ನಿಲ್ಲಬೇಕು. ನೋಡುವಂಥದ್ದು ಏನೂ ಇಲ್ಲ ಅಂತ ಎಲ್ಲರೂ ದಾಟಿ ಹೋಗುವ ಊರುಗಳೇ ಅವು.

ಇನ್ನರ್ಧ ಕೆಲಸ ನಮ್ಮದು. ಬೈಪಾಸ್ ಬಿಟ್ಟು ಊರೊಳಗೆ ಹೋಗಬೇಕು. ಫೋನಿನ ಮ್ಯಾಪ್ ಬೇಗ ತಲುಪುವ ದಾರಿ ತೋರಿಸುತ್ತದೆ. ಬೇಗ ತಲುಪುವ ದಾರಿ ಅಂದರೆ ಸಾಮಾನ್ಯವಾಗಿ ಊರ ಹೊರಗಿಂದಲೇ ಹೋಗುವ ದಾರಿ. ಅಮೆರಿಕದ ರೂಟ್ 66 ಅನ್ನುವ ಹಳೇ ಹೆದ್ದಾರಿ ಈ ವಿಷಯದಲ್ಲಿ ಕಣ್ಣಿಗೆ ಹೊಡೆಯುವ ಉದಾಹರಣೆ. ಪಕ್ಕದಲ್ಲಿ ದೊಡ್ಡ ಹೆದ್ದಾರಿಗಳು ಬಂದ ಹಾಗೆಲ್ಲ ಹಳೇ ರಸ್ತೆಯ ಊರುಗಳಿಗೆ ಗಿರಾಕಿಗಳು ಬರುವುದೇ ನಿಂತುಹೋಯಿತು. ಅರಿಜೋನಾದ ಸೆಲಿಗ್‌ಮನ್ ಅನ್ನುವ ಊರಿಗೆ 1978ರಲ್ಲೇ ಈ ಪಾಡು ಬಂತು. 1985ರಲ್ಲಿ ರೂಟ್ 66ರ ಹೆಸರೇ ಅಧಿಕೃತ ಹೆದ್ದಾರಿ ಪಟ್ಟಿಯಿಂದ ಹೋಯಿತು. ಆದರೆ ಸೆಲಿಗ್‌ಮನ್‌ನ ಕ್ಷೌರಿಕ ಏಂಜೆಲ್ ಡೆಲ್ಗಡಿಲ್ಲೊ ಮತ್ತು ಇನ್ನೊಂದಷ್ಟು ಜನ ಬಿಡಲಿಲ್ಲ. 1987ರಲ್ಲಿ ಸಂಘ ಕಟ್ಟಿ, ಹಳೇ ರಸ್ತೆಗೆ ಮತ್ತೆ ಜನ ಬರುವಂತೆ ಮಾಡಿದರು. ಈಗ ಅಲ್ಲಿಗೆ ಬೈಕಿನವರೂ ಹುಡುಕಿಕೊಂಡು ಹೋಗುತ್ತಾರೆ. ಅವಸರ ಇದ್ದವರು ಹೆದ್ದಾರಿಯಲ್ಲೇ ಹೋಗಲಿ ಬಿಡಿ, ತಪ್ಪೇನಿಲ್ಲ. ಆದರೆ ಅವರಿಗೆ ಇಂಥ ಕೆಫೆ ಸಿಗುವುದಿಲ್ಲ.

ಊರೊಳಗೆ ಹೋದ ಮೇಲೆ ನಾನು ಬೋರ್ಡು ನೋಡುವುದಿಲ್ಲ, ಹೊರಗೆ ನಿಂತ ಗಾಡಿಗಳನ್ನು ನೋಡುತ್ತೇನೆ. ಕೆಲಸದ ಧೂಳು ಮೆತ್ತಿಕೊಂಡ ಗಾಡಿಗಳು ನಿಂತಿದ್ದರೆ ಊರಿನವರೇ ದಿನಾ ಬರುವ ಜಾಗ ಅಂತ ಅರ್ಥ. ಒಳಗೆ ಕೂತರೆ ಕಿಟಕಿಯಿಂದ ನನ್ನ ಬೈಕ್ ಕಾಣಬೇಕು, ಲಗೇಜು ಅದರ ಮೇಲೇ ಇರುತ್ತದಲ್ಲ. ಗೋಡೆಗೆ ಹಳೇ ಟೈರು, ಪೆಟ್ರೋಲ್ ಟ್ಯಾಂಕು ನೇತುಹಾಕಿ "ಬೈಕರ್‌ಗಳಿಗೆ ಸ್ವಾಗತ" ಅಂತ ಬರೆದಿದ್ದರೆ ನಾನು ಮುಂದಕ್ಕೆ ಹೋಗುತ್ತೇನೆ. ಲಂಡನ್ನಿನ ಏಸ್ ಕೆಫೆ ಬೈಕ್ ಹುಚ್ಚಿರುವವರಿಗೆಲ್ಲ ಗೊತ್ತು. 1938ರಲ್ಲಿ ಅದು ಶುರುವಾಗಿದ್ದು ಲಾರಿ ಡ್ರೈವರ್‌ಗಳಿಗಾಗಿ. ರಾತ್ರಿಯೆಲ್ಲ ಬಾಗಿಲು ತೆಗೆದಿರುತ್ತಿತ್ತು, ಹಾಗಾಗಿ ಬೈಕ್ ಹುಡುಗರು ತಾವಾಗಿಯೇ ಬಂದು ಸೇರಿಕೊಂಡರು. 1969ರಲ್ಲಿ ಮುಚ್ಚಿ, 2001ರಲ್ಲಿ ಮತ್ತೆ ಪೂರ್ತಿಯಾಗಿ ತೆರೆಯಿತು. ಅಷ್ಟು ಹೆಸರಾದ ಜಾಗವೂ ಬೈಕರ್‌ಗಳಿಗೆ ಅಂತ ಹುಟ್ಟಿದ್ದಲ್ಲ.

ಸರಿ, ಅಲ್ಲಿನವರು ಅಷ್ಟು ಆತ್ಮೀಯವಾಗಿ ಯಾಕೆ ಮಾತಾಡಿಸುತ್ತಾರೆ? ನನ್ನ ಮುಖ ನೋಡಿಯಂತೂ ಅಲ್ಲ. ಬೈಕಿನಲ್ಲಿ ಬಂದವನ ಪಾಡು ಎದುರಿಗೇ ಕಾಣುತ್ತದೆ. ಕೆನ್ನೆ ಮೇಲೆ ಹೆಲ್ಮೆಟ್ಟಿನ ಗುರುತು, ಒದ್ದೆ ಗ್ಲೌಸ್, ಹಗ್ಗದಿಂದ ಬಿಗಿದ ಬ್ಯಾಗು. ಮಾತು ಶುರು ಮಾಡಲು ಅಷ್ಟು ಸಾಕು. "ಎಲ್ಲಿಂದ? ಒಬ್ಬರೇ ಬಂದ್ರಾ?" ಅಲ್ಲಿಂದ ಮುಂದಕ್ಕೆ ಅವರೇ ಮಾತಾಡುತ್ತಾರೆ, ನಾವು ಕೇಳಿಸಿಕೊಂಡರೆ ಆಯಿತು.

ನೀವೆಲ್ಲ ಕೇಳುತ್ತಿದ್ದ ಆ ಕೆಫೆಯಲ್ಲೂ ಹೀಗೇ ಆಯಿತು. ಮಳೆ ಆಗಷ್ಟೇ ನಿಂತಿತ್ತು. ನಾನು ಪಕ್ಕದ ಖಾಲಿ ಜಾಗದಲ್ಲಿ ಬೈಕ್ ನಿಲ್ಲಿಸುತ್ತಿದ್ದೆ. ಒಳಗಿಂದ ಆ ಕೆಫೆಯ ಅಮ್ಮ ಸೆರಗಿಗೋ ಬಟ್ಟೆಗೋ ಕೈ ಒರೆಸಿಕೊಳ್ಳುವಷ್ಟೂ ಪುರುಸೊತ್ತಿಲ್ಲದೆ ಹೊರಗೆ ಬಂದರು. ಕೈಯಲ್ಲಿ ಅಂಗೈಯಗಲದ ಒಂದು ಮರದ ತುಂಡು. "ಮಣ್ಣು ಮೆತ್ತಗಿದೆ, ಸ್ಟ್ಯಾಂಡ್ ಕೆಳಗೆ ಇದನ್ನ ಇಡಿ" ಅಂದರು. ಸೈಡ್ ಸ್ಟ್ಯಾಂಡಿನ ತುದಿ ತುಂಬಾ ಚಿಕ್ಕದು. ಭಾರವೆಲ್ಲ ಅಲ್ಲೇ ಬಿದ್ದು, ಹಸಿ ಮಣ್ಣಿನಲ್ಲಿ ನಿಧಾನಕ್ಕೆ ಇಳಿಯುತ್ತದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಬೈಕ್ ಮಲಗಿರುತ್ತದೆ. ಆ ತುಂಡಿನ ನಡುವೆ ಸ್ಟ್ಯಾಂಡ್ ಕೂರುವಷ್ಟು ಗುಳಿ ಬಿದ್ದಿತ್ತು. ನನಗಿಂತ ಮುಂಚೆ ಎಷ್ಟು ಜನ ಅಲ್ಲಿ ನಿಲ್ಲಿಸಿದ್ದರೋ. ಕಾಫಿ ಚೆನ್ನಾಗಿತ್ತು. ಆದರೆ ಹತ್ತು ಜನರಿಗೆ ಹೇಳಿದ್ದು ಆ ತುಂಡಿನ ಕಥೆ.

ಕಾಫಿ ಅಂದ ಕೂಡಲೇ ಒಂದು ಮಾತು. ಕುಡಿದ ತಕ್ಷಣ ಗಾಡಿ ಹತ್ತಬೇಡಿ. ಕೆಫೀನ್ ಕೆಲಸ ಮಾಡಲು ಸುಮಾರು ಅರ್ಧ ಗಂಟೆ ಬೇಕು. ನಿದ್ದೆ ಕೆಟ್ಟಿದ್ದರೆ ಅದೂ ಸಾಲದು, ಮಲಗಲೇಬೇಕು. ಹೇಗೂ ನಿಂತಿದ್ದೀರಿ, ಚೈನ್ ಬಿಸಿಯಿರುವಾಗಲೇ ಲ್ಯೂಬ್ (ಚೈನಿಗೆ ಹಾಕುವ ಎಣ್ಣೆ) ಹಾಕಿಬಿಡಿ. ಬಿಸಿಯಿದ್ದರೆ ಚೆನ್ನಾಗಿ ಒಳಗೆ ಇಳಿಯುತ್ತದೆ. ಹಾಕುವ ಮುಂಚೆ ಎಂಜಿನ್ ಆಫ್ ಮಾಡಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಇಷ್ಟು ಹೇಳಿದ ಮೇಲೂ "ಲೊಕೇಶನ್ ಕಳಿಸಿ" ಅಂತ ಕೇಳೇ ಕೇಳುತ್ತೀರಿ, ಗೊತ್ತು. ಕೇಳಿದವರಿಗೆ ಕಳಿಸುತ್ತೇನೆ. ಆದರೆ ಹದಿನೈದು ಬೈಕ್ ಕಟ್ಟಿಕೊಂಡು ಒಟ್ಟಿಗೆ ಹೋಗಬೇಡಿ. ಒಳಗಿರುವುದೇ ನಾಲ್ಕು ಟೇಬಲ್, ಅದರಲ್ಲಿ ಒಂದು ಊರಿನ ಹಿರಿಯರದ್ದು. ಇಬ್ಬರೋ ಮೂವರೋ ಹೋಗಿ, ಬಾಗಿಲ ಮುಂದೆ ಆಕ್ಸಿಲರೇಟರ್ ತಿರುವಬೇಡಿ. ಆ ಮರದ ತುಂಡನ್ನು ವಾಪಸ್ ಕೊಟ್ಟು ಬನ್ನಿ.